ಸಾಗರದ ನಗು

ದೊಡ್ಡಪ್ಪನಿಗೆ ಸಾವಿರ ಹುಣ್ಣಿಮೆ ತುಂಬಿತೆಂದು ಮೈಸೂರಿನ ಮನೆಯಲ್ಲಿ ಶಾಂತಿ ಇಟ್ಟುಕೊಂಡಿದ್ದರು. ಹೆಸರಿಗೆ ಶಾಂತಿ; ಮೂರು ದಿನ ಮೊದಲಿಂದಲೇ ಮನೆಯಲ್ಲಿ ಗದ್ದಲ. ಆ ಗದ್ದಲಕ್ಕೆ ಬರಲಾಗದೆ ಉಳಿದವಳು ಸಾಗರದ ಸೀತತ್ತೆ ಒಬ್ಬಳೇ. ಅವಳಿಗೆ ಮಂಡಿ ಬಗ್ಗುವುದಿಲ್ಲ, ಕಿವಿ ಕೇಳುವುದಿಲ್ಲ. ಆ ಎರಡರ ಪಾಲನ್ನೂ ಭಗವಂತ ಬಾಯಿಗೇ ಸೇರಿಸಿ ಕೊಟ್ಟಿದ್ದಾನೆ. ಹಿಂದೊಮ್ಮೆ ಯಾರದೋ ಗೃಹಪ್ರವೇಶವನ್ನು ಝೂಮ್‌ನಲ್ಲಿ ತೋರಿಸಿದಾಗ, "ಎಲ್ಲರೂ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ರಿ, ನಾನೂ ಕೈ ಮುಗಿದು ಮುಚ್ಚಿದೆ" ಅಂದಿದ್ದಳು. ಈ ಸಲ ಕೆಳಗೆ ಅಕ್ಷರ ಬರದಿದ್ದರೆ ತಾನು ಕೂರುವುದೇ ಇಲ್ಲ ಎಂದು ವಾಟ್ಸ್ಯಾಪಿನಲ್ಲಿ ನೋಟಿಸು ಕೊಟ್ಟಳು.

"ಅದಕ್ಕೇನು ಮಾವ, ಮಷೀನೇ ಬರೆಯುತ್ತೆ" ಎಂದ ಅಕ್ಕನ ಮಗ. ಎಲ್ಲಿಂದಲೋ ಒಂದು ಆ್ಯಪ್ ಇಳಿಸಿಕೊಂಡು, ಪರೀಕ್ಷೆಗೆಂದು "ಹಳ್ಳಿ ಮನೆಯಲ್ಲಿ ಹುಳಿ ಕುದೀತಿದೆ" ಅಂದ. ತೆರೆಯ ಮೇಲೆ ಹಲ್ಲಿ ಮನೆಯಲ್ಲಿ ಹುಲಿ ಕುದಿಯತೊಡಗಿತು. ಯಂತ್ರವನ್ನೇ ಬೈಯುವುದು ಧರ್ಮವಲ್ಲ. ಲಕಾರ ಳಕಾರಗಳ ವಿಷಯದಲ್ಲಿ ಹುಡುಗನೂ ಭೇದಭಾವ ಮಾಡುವವನಲ್ಲ.

ಆಗ ನನ್ನೊಳಗಿನ ಹಳೇ ಹುಲಿ ಎದ್ದಿತು. ನಾನು ಒಂದು ಕಾಲಕ್ಕೆ ಕನ್ನಡ ಟೈಪಿಂಗ್ ಸೀನಿಯರ್ ಪಾಸಾದವನು. ಝೂಮ್‌ನಲ್ಲಿ ಸಭೆ ಕರೆದವರು ಒಬ್ಬರಿಗೆ ಅಡಿಬರಹ ಟೈಪು ಮಾಡುವ ಅಧಿಕಾರ ಕೊಡಬಹುದಂತೆ. "ನನಗೆ ಕೊಡು" ಅಂದೆ. ಅಧಿಕಾರ ಅಂದ ಕೂಡಲೇ ಕೈಚಾಚುವ ಚಟ ಸರ್ಕಾರಿ ನೌಕರಿಯಿಂದ ಬಂದದ್ದು.

ಹಿಂದಿನ ರಾತ್ರಿ ಸ್ವಲ್ಪ ಓದಿಕೊಂಡೆ. ಓದದೆ ಇದ್ದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಅಮೆರಿಕದಲ್ಲಿ ಟಿ.ವಿ.ಗೆ ಅಡಿಬರಹ ಮೊದಲು ಬಂದದ್ದು 1972ರಲ್ಲಿ, ಜೂಲಿಯಾ ಚೈಲ್ಡ್ ಎಂಬಾಕೆಯ ಅಡುಗೆ ಕಾರ್ಯಕ್ರಮಕ್ಕೆ. ನೋಡಿ, ಅಲ್ಲೂ ಹುಳಿಯದೇ ಸಮಾಚಾರ! ಆದರೆ ಅದು ಮೊದಲೇ ಬರೆದಿಟ್ಟುಕೊಂಡದ್ದು, ನೆನೆಹಾಕಿದ ಬೇಳೆ ಇದ್ದಂತೆ. ಮಾತಾಡುತ್ತಿರುವಾಗಲೇ ಬರೆಯುವುದು ಬೇರೆ ವಿದ್ಯೆ. 1982ರ ಆಸ್ಕರ್ ಸಮಾರಂಭಕ್ಕೆ ಹಾಗೆ ಬರೆದರು. ಕೋರ್ಟಿನ ಸ್ಟೆನೋಗಳು ಬಳಸುವ ಪುಟ್ಟ ಯಂತ್ರ ಅದಕ್ಕೆ ಒದಗಿತು. ಅದರಲ್ಲಿ ಕೀಲಿಗಳು ಇಪ್ಪತ್ತು ಚಿಲ್ಲರೆ ಅಷ್ಟೇ. ಹಾರ್ಮೋನಿಯಂ ಮನೆಗಳನ್ನು ಹಿಡಿದ ಹಾಗೆ ಹಲವನ್ನು ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರವೇ ಮೂಡುತ್ತದೆ. ಅಲ್ಲಿನ ಪರೀಕ್ಷೆಗೆ ನಿಮಿಷಕ್ಕೆ 225 ಪದ. ನನ್ನದು ಯೌವನದಲ್ಲಿ 35.

ಬಿಬಿಸಿಯವರದು ಇನ್ನೊಂದು ದಾರಿ. ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನೆಲ್ಲ ತಮ್ಮ ದನಿಯಲ್ಲಿ ಮೈಕಿಗೆ ಮತ್ತೆ ಹೇಳುತ್ತಾರೆ, ಕಾಮಾ, ಫುಲ್‌ಸ್ಟಾಪ್ ಸಮೇತ. ಅವರ ದನಿಗೆ ಪಳಗಿದ ಯಂತ್ರ ಅದನ್ನು ಅಕ್ಷರ ಮಾಡುತ್ತದೆ. ಇದು ನಮ್ಮ ಸಂಕಲ್ಪವೇ ಅಲ್ಲವೆ? ಪುರೋಹಿತರು ಮುಂದೆ ಮುಂದೆ, ಯಜಮಾನ ಒಂದು ತುಂಡು ಹಿಂದೆ ಹಿಂದೆ. ಮರುದಿನ ದೊಡ್ಡಪ್ಪನೂ ಹಾಗೇ ತಡವರಿಸುತ್ತಾ ಸಂಕಲ್ಪ ಮಾಡುವುದನ್ನು ನೋಡಿ, ನನಗೆ ಜತೆಗಾರ ಸಿಕ್ಕಿದಷ್ಟು ಸಮಾಧಾನವಾಯಿತು.

ಸಂಜೆ ಭಾಷಣಗಳು ಶುರುವಾದವು. ಮೊದಲಿಗೆ ಎದ್ದವರು ದೊಡ್ಡಪ್ಪನ ಕಚೇರಿಯ ಗೆಳೆಯರೊಬ್ಬರು. ಬಾಯಿ ತೆರೆದವರೇ "ಸ್ವಾತಂತ್ರ್ಯಪೂರ್ವದಲ್ಲಿ ಹುಟ್ಟಿದ ಇವರು" ಅಂದರು. ನಾನು ಬಳಸುವುದು ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು. ಸ್ವಾತಂತ್ರ್ಯ ಒಂದಕ್ಕೇ ಮೂರು ಎಫ್! ಅಷ್ಟನ್ನು ಒತ್ತಿ ನಾನು ತಲೆಯೆತ್ತುವಷ್ಟರಲ್ಲಿ ಭಾಷಣಕಾರರು ಹುಟ್ಟು, ಓದು, ಮದುವೆ ಮುಗಿಸಿ ವರ್ಗಾವಣೆಗೆ ಬಂದಿದ್ದರು. ಕನ್ನಡ ಬೇರೆ ಒಂದು ಇಡೀ ವಾಕ್ಯವನ್ನು ಒಂದೇ ಪದದಲ್ಲಿ ಗಂಟುಕಟ್ಟಿ ಕೈಗಿಡುವ ಭಾಷೆ. "ಹೋಗಬೇಕಾಗಿತ್ತಂತೆ" ಎಂಬಲ್ಲಿ ಕ್ರಿಯೆ, ಕರ್ತವ್ಯ, ಪಶ್ಚಾತ್ತಾಪ, ಚಾಡಿ ಎಲ್ಲ ಇದೆ. ಯಾವುದನ್ನು ಬಿಡಲಿ?

ಬಿಡುವುದನ್ನು ಕಲಿತೆ. "ಮಾನ್ಯರೇ", "ಎರಡು ಮಾತು ಹೇಳಿ ಮುಗಿಸುತ್ತೇನೆ" ಇವು ಮೊದಲು ಹೋದವು. ವರ್ಗಾವಣೆಯ ಊರುಗಳಲ್ಲಿ ಮೂರನ್ನು ರದ್ದು ಮಾಡಿದೆ. ದೊಡ್ಡಪ್ಪನಿಗೆ ಅಷ್ಟು ಓಡಾಟ ಉಳಿಯಿತು. ಆದರೆ ಸದ್ದುಗಳನ್ನು ಬಿಡಲಿಲ್ಲ. ಚಪ್ಪಾಳೆ, ನಗು ಎಂದು ಬರೆಯುವುದು ಈ ಕಸುಬಿನ ಪದ್ಧತಿ. ನಾನು ಅತ್ಯುತ್ಸಾಹದಲ್ಲಿ "ಒಳಗೆ ಕುಕ್ಕರ್ ಕೂಗಿತು" ಎಂದೂ ಬರೆದೆ.

ತೊಂದರೆ ಬಂದದ್ದು ಚಟಾಕಿಗಳಲ್ಲಿ. ದೊಡ್ಡಪ್ಪ ಮಾತಿಗೆ ನಿಂತು, ಚಿಕ್ಕಂದಿನಲ್ಲಿ ಸೀತೆ ಹಲಸಿನ ಹಣ್ಣು ಕದ್ದು, ಮೇಣ ಮೆತ್ತಿದ ಕೈಯಲ್ಲೇ "ನಾನಲ್ಲ" ಎಂದು ಆಣೆ ಮಾಡಿದ ಕಥೆ ಹೇಳಿದರು. ಎಲ್ಲರೂ ನಕ್ಕರು. ನಾನು ಹಲಸಿನಲ್ಲೇ ಇದ್ದೆ. ಟೈಪು ಮುಗಿಸಿ ಎಂಟರ್ ಒತ್ತಿದೆ. ಅಷ್ಟರಲ್ಲಿ ದೊಡ್ಡಪ್ಪ ತೀರಿಹೋದ ದೊಡ್ಡಮ್ಮನ ವಿಷಯಕ್ಕೆ ಬಂದು ಗಂಟಲು ಕಟ್ಟಿ ನಿಂತಿದ್ದರು. ಸಭೆ ಗಪ್‌ಚಿಪ್. ಆಗ ಸಾಗರದಿಂದ ಸೀತತ್ತೆಯ ನಗು, ಸ್ಪೀಕರಿನಲ್ಲಿ, ಮನೆ ತುಂಬ!

ನಾನು ಲ್ಯಾಪ್‌ಟಾಪಿನ ಹಿಂದೆ ಅಡಗಿದೆ. ದೊಡ್ಡಪ್ಪ ತೆರೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕಣ್ಣೊರೆಸಿಕೊಂಡು ತಾವೂ ನಕ್ಕುಬಿಟ್ಟರು. ಅಲ್ಲಿಂದ ಮುಂದೆ ಒಂದೊಂದು ಚಟಾಕಿಗೂ ಅವರು ಮಾತು ನಿಲ್ಲಿಸಿ, "ತಡೀರಪ್ಪ, ಸಾಗರದ ನಗು ಇನ್ನೂ ಬಂದಿಲ್ಲ" ಅನ್ನುವರು. ಅರವತ್ತು ಜನ ನನ್ನ ಬೆರಳು ನೋಡುತ್ತಾ ಕೂರುವರು. ನಾನು ಎಂಟರ್ ಒತ್ತುವೆ. ತುಸು ಹೊತ್ತಿಗೆ ಸಾಗರ ನಗುವುದು, ಆಮೇಲೆ ಎಲ್ಲರೂ ಇನ್ನೊಮ್ಮೆ. ಭಾಷಣ ಅರ್ಧ ಗಂಟೆ ಹೆಚ್ಚಾಯಿತು, ಅಡುಗೆಯವರು ಗೊಣಗಿದರು.

ರಾತ್ರಿ ಅತ್ತೆಯ ಸಂದೇಶ ಬಂತು: "ಎಲ್ಲ ಓದಿದೆ. ಕಾಗುಣಿತ ತಪ್ಪು ಬಹಳ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಬರೆದಿಲ್ಲ."

ಮುಂದಿನ ತಿಂಗಳು ಅದೇ ಮನೆಯಲ್ಲಿ ನಾಮಕರಣ; ಅಡಿಬರಹಕ್ಕೆ ನಾನೇ ಎಂದು ಗೊತ್ತಾಗಿದೆ. ಅಲ್ಲಿ ನಾಲ್ಕು ಮಾತಾಡುವ ಆಸೆ ನಿಮಗೇನಾದರೂ ಇದ್ದರೆ, ದಯವಿಟ್ಟು ಸ್ವಲ್ಪ ನಿಧಾನವಾಗಿ ಮಾತಾಡಿ. ಸ್ವಾತಂತ್ರ್ಯದ ಸುದ್ದಿಗೆ ಹೋಗಬೇಡಿ.