ನಾನ್ಯಾರು ಹೇಳಿ ನೋಡೋಣ?

ಕುವೆಂಪುನಗರದಲ್ಲಿ ನಿವೃತ್ತರಿಗೆ ಬರವಿಲ್ಲ. ಅವರಲ್ಲಿ ಒಂದು ಪಂಗಡದವರನ್ನು ಮಾತ್ರ ದೂರದಲ್ಲೇ ಕಂಡು ರಸ್ತೆ ದಾಟಿಬಿಡಬೇಕು. ಎದುರಾದೊಡನೆ ನಮ್ಮ ಕೈ ಗಟ್ಟಿಯಾಗಿ ಹಿಡಿದು, ನಮಸ್ಕಾರಕ್ಕೂ ಮುಂಚೆ ಅವರು ಕೇಳುವುದು: "ನಾನ್ಯಾರು ಹೇಳಿ ನೋಡೋಣ?"

"ಎಲ್ಲೋ ನೋಡಿದ ಹಾಗಿದೆ ಸಾರ್..."

"ಹಾಗಿದೆ ಅಂದ್ರೆ ಆಗಲ್ಲ. ಹೆಸರು ಹೇಳಿ."

ಡಿಸೆಂಬರ್ ಬೆಳಗ್ಗೆ ಪಂಚಮಂತ್ರ ರಸ್ತೆಯಲ್ಲಿ ಸಿಕ್ಕರಂತೂ ಮುಗಿಯಿತು. ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು; ಹೊರಗೆ ಕಾಣುವುದು ಎರಡು ಕಣ್ಣು, ಒಂದು ಮೂಗು, ಅರ್ಧ ಮೀಸೆ. ಮುಖವನ್ನು ನಾವು ಹೇಗೆ ಗುರುತು ಹಿಡಿಯುತ್ತೇವೆಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು 1979ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಚೆನ್ನಾಗಿ ಬಲ್ಲವರನ್ನು ಕಣ್ಣು, ಮೂಗು, ಬಾಯಿಂದಲೇ ಹೆಚ್ಚಾಗಿ ಗುರುತು ಹಿಡಿಯುತ್ತೇವಂತೆ. ಬಳಕೆಯಿಲ್ಲದವರಾದರೆ ಕೂದಲು, ಕೆನ್ನೆಯ ಅಂಚನ್ನೂ ಅಷ್ಟೇ ನೆಚ್ಚಿಕೊಳ್ಳುತ್ತೇವಂತೆ. ನಮ್ಮವರು ಆ ಅಂಚನ್ನೆಲ್ಲ ಉಣ್ಣೆಯೊಳಗೆ ಭದ್ರಪಡಿಸಿ ನಮ್ಮನ್ನು ಪರೀಕ್ಷೆಗೆ ಕೂರಿಸುತ್ತಾರೆ.

ಅಂಗಲಾಚಿದರೆ ಒಂದು ಸುಳಿವು ಸಿಗುತ್ತದೆ: "ಕೌಂಟರ್ ನಂಬರ್ ಮೂರು!" ಓಹೋ, ಬ್ಯಾಂಕಿನ ಕ್ಯಾಷಿಯರು! ಗಾಜಿನ ಹಿಂದೆ ಕೂತು, ಬೆರಳು ಒದ್ದೆ ಮಾಡಿಕೊಂಡು ನೋಟು ಎಣಿಸುತ್ತಿದ್ದರೆ ಥಟ್ಟನೆ ತಿಳಿಯುತ್ತಿತ್ತು. ಗಾನಭಾರತಿಯ ಸಂಗೀತ ಕಛೇರಿಯಲ್ಲಿ ಪಕ್ಕದ ಕುರ್ಚಿಯಲ್ಲೇ ತಪ್ಪು ತಾಳ ಹಾಕುತ್ತ ಕೂತರೂ ತಿಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಜಾರ್ಜ್ ಮ್ಯಾಂಡ್ಲರ್ 1980ರಲ್ಲಿ ಕೊಟ್ಟ ಉದಾಹರಣೆಯೂ ಇದೇ ಜಾಡಿನದು. ಮಾಂಸದಂಗಡಿಯವನು ಬಸ್ಸಿನಲ್ಲಿ ಕಂಡರೆ, ಇವನನ್ನು ಬಲ್ಲೆ ಎನ್ನುವುದು ಖಾತ್ರಿ; ಯಾರು ಎನ್ನುವುದು ಮಾತ್ರ ಹೊಳೆಯದು. ಕಂಡ ಮುಖ ಅನ್ನಿಸುವುದು ಒಂದು ಕೆಲಸ, ಎಲ್ಲಿ ಕಂಡದ್ದೆಂದು ಹುಡುಕುವುದು ಬೇರೆಯೇ ಕೆಲಸ.

ಕ್ಯಾಷಿಯರು ಅಂದುಬಿಟ್ಟರೆ ಪಾಸಾಗುವುದಿಲ್ಲ, ಹೆಸರೇ ಆಗಬೇಕು. ಅದು ಇನ್ನೂ ಕಷ್ಟ. ಒಂದೇ ಪದವನ್ನು ಕಸುಬೆಂದು ಹೇಳಿದರೆ ನೆನಪಿರುತ್ತದೆ, ಹೆಸರೆಂದು ಹೇಳಿದರೆ ಜಾರಿಹೋಗುತ್ತದೆ ಎಂದು 1987ರ ಇನ್ನೊಂದು ಪ್ರಯೋಗ ತೋರಿಸಿದೆ. ಜಾತಕ ನೋಡುವ ಜೋಯಿಸರು ಪಂಚಾಂಗದ ಸಮೇತ ನೆನಪಾಗುತ್ತಾರೆ. ನೋಟು ಎಣಿಸುತ್ತಿದ್ದ, ಹೆಸರಿಗಷ್ಟೇ ಜೋಯಿಸರಾದವರನ್ನು ಯಾವ ಪಂಚಾಂಗ ಹಿಡಿದು ನೆನೆಯುವುದು?

ಕೈಗೆ ಸಿಕ್ಕ ಗಂಡ ಈ ಹೊತ್ತಿಗೆ ಹೆಂಡತಿಯತ್ತ ನೋಡುತ್ತಾನೆ. ಆಕೆ ತಳ್ಳುಗಾಡಿಯ ಮುಂದೆ ನಿಂತು ಬಹಳ ಗಮನವಿಟ್ಟು ಹಾಗಲಕಾಯಿ ಆರಿಸುತ್ತಿರುತ್ತಾಳೆ.

"ಮೊದಲು ನಾನ್ಯಾರು, ನೀವು ಹೇಳಿ ಸಾರ್" ಎಂದು ತಿರುಗಿಬಿದ್ದ ಧೈರ್ಯಶಾಲಿಗಳೂ ಇದ್ದಾರೆ. ಅವರಿಗೆ ಸಿಕ್ಕ ಉತ್ತರ: "ನೀವಾ? ನಮ್ಮ ಕುವೆಂಪುನಗರದವರಲ್ವಾ!"

ಸ್ವಾಮಿ, ಕೈ ಬೇಕಾದರೆ ಹಿಡಿದುಕೊಳ್ಳಿ, ಅಡ್ಡಿಯಿಲ್ಲ. ಆ ಮಂಕಿ ಕ್ಯಾಪು ಒಂದು ತೆಗೆದು, ಮೊದಲು ನಿಮ್ಮ ಹೆಸರು ಹೇಳಿಬಿಡಿ.