ದ್ವಿಚಕ್ರ ನಾಟ್ಯಶಾಸ್ತ್ರ: ರೈಡರ್ ಲಕ್ಷಣ ವಿಚಾರ

ಭರತಮುನಿಯ ಬಳಿ ಬುಲೆಟ್ ಇರಲಿಲ್ಲ. ಇದ್ದಿದ್ದರೆ ನಾಟ್ಯಶಾಸ್ತ್ರ 36 ಅಧ್ಯಾಯಕ್ಕೆ ಮುಗಿಯುತ್ತಿರಲಿಲ್ಲ, ಸೈಲೆನ್ಸರಿಗೇ ಇನ್ನೊಂದು ಅಧ್ಯಾಯ ಬೇಕಾಗುತ್ತಿತ್ತು ಎಂಬುದು ಪ್ರಸ್ತುತ ಪ್ರಬಂಧಕಾರನ ವಿನಮ್ರ ಮತ. ವಿದ್ವಾಂಸರು ಈ ಕೊರತೆಯನ್ನು ಇದುವರೆಗೆ ಗಮನಿಸದಿರಲು ಕಾರಣ ಸರಳ. ಅವರು ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟದ ಬುಡಕ್ಕೆ ಹೋಗುವುದಿಲ್ಲ.

ಹೋದವರಿಗೆ ಗೊತ್ತು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ, 1,478 ಮೀಟರ್ ಎತ್ತರದ ಈ ಬೆಟ್ಟ ಒಂದು ಕಾಲಕ್ಕೆ ಟಿಪ್ಪುವಿನ ಬೇಸಿಗೆ ಬಿಡಾರ. ಈಗ ವಾರಕ್ಕೊಮ್ಮೆ ತೆರೆ ಏಳುವ ರಂಗಮಂದಿರ. ಪಾತ್ರಧಾರಿಗಳು ಕತ್ತಲಲ್ಲೇ ಬರುತ್ತಾರೆ. ಮಂಡಿಗೆ ಕವಚ, ಮೊಣಕೈಗೆ ಕವಚ, ಹೆಲ್ಮೆಟ್ಟಿನ ನೆತ್ತಿಯ ಮೇಲೊಂದು ಕ್ಯಾಮೆರಾ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿಕೊಳ್ಳಲು ಬೇಕಾಗುವಷ್ಟೇ ಹೊತ್ತು ಇವರಿಗೂ ಬೇಕು. ಆದರೆ ಯಕ್ಷಗಾನದವನು ವೇಷ ಕಟ್ಟಿದ ಮೇಲೆ ಬೆಳಗಾಗುವ ತನಕ ಕುಣಿಯಬೇಕು. ಇಲ್ಲಿ ಬೆಳಗಾಗುತ್ತಲೇ ತಟ್ಟೆ ಇಡ್ಲಿ.

ಶಾಸ್ತ್ರವೆಂದ ಮೇಲೆ ಲಕ್ಷಣ ಹೇಳಬೇಕು. ಗಾಡಿ ಓಡಿಸುವವನು ಸವಾರ. ತಾನು ಗಾಡಿ ಓಡಿಸುವುದು ನಾಲ್ಕು ಜನಕ್ಕೆ ಗೊತ್ತಾಗಬೇಕು ಎನ್ನುವವನು ರೈಡರ್. ಇದಕ್ಕೆ ಭಾಷ್ಯ: ಸವಾರ ಪೆಟ್ರೋಲ್ ಹಾಕಿಸಲು ನಿಲ್ಲುತ್ತಾನೆ, ರೈಡರ್ ಫೋಟೊ ತೆಗೆಸಿಕೊಳ್ಳಲು. ಸವಾರ ಊರು ತಲುಪಬೇಕು. ರೈಡರ್ ಊರಿಗೆ ಹೋದ ಸುದ್ದಿ ತಲುಪಬೇಕು. ಎರಡೂ ಲಕ್ಷಣ ಒಬ್ಬರಲ್ಲೇ ಇರಬಹುದೆಂಬುದನ್ನು ಶಾಸ್ತ್ರ ಅಲ್ಲಗಳೆಯುವುದಿಲ್ಲ, ಉದಾಹರಣೆ ಮುಂದೆ ಬರುತ್ತದೆ.

ಅಭಿನಯ ನಾಲ್ಕು ಬಗೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಭರತನ ಅನುಕ್ರಮವನ್ನು ಇಲ್ಲಿ ಸ್ವಲ್ಪ ಮೀರಿ ವಾಚಿಕದಿಂದಲೇ ಶುರು ಮಾಡಬೇಕು, ಯಾಕೆಂದರೆ ರೈಡರ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ಹಳೆಯ 350ರ ಬುಲೆಟ್ಟಿನ ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 90 ಮಿಲಿಮೀಟರ್. ಹೀಗೆ ಅಗಲ ಕಡಿಮೆ, ಆಳ ಹೆಚ್ಚು. ಜೊತೆಗೆ ಭಾರವಾದ ಫ್ಲೈವೀಲ್. ಆದ್ದರಿಂದಲೇ ಆ ಎಂಜಿನ್ ಅವಸರವಿಲ್ಲದೆ, ಎಣಿಸಿ ಎಣಿಸಿ ಹೊಡೆಯುತ್ತಿತ್ತು: ಡುಗ್, ಡುಗ್, ಡುಗ್. ಆ ಗಾಂಭೀರ್ಯ ಪೂರ್ತಿ ಅಳತೆಪಟ್ಟಿಯದ್ದು, ಮೇಲೆ ಕೂತವನ ಪಾಲು ಅದರಲ್ಲಿ ಸೊನ್ನೆ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿ ತನ್ನ ಎಂಜಿನ್ನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು 1994ರಲ್ಲಿ ಅರ್ಜಿ ಹಾಕಿತು. ಪ್ರತಿಸ್ಪರ್ಧಿಗಳು ತಕರಾರು ತೆಗೆದರು. ಆರು ವರ್ಷ ಹೆಣಗಿ 2000ದಲ್ಲಿ ಕಂಪನಿ ಕೈಬಿಟ್ಟಿತು.

ನಮ್ಮ ರೈಡರನಿಗೆ ಇಂಥ ವ್ಯಾಜ್ಯದ ಹಂಗಿಲ್ಲ. ಕಂಪನಿಯ ಸೈಲೆನ್ಸರ್ ಬಿಚ್ಚಿಸಿ, ಸೈಲೆನ್ಸಿಗೂ ತನಗೂ ನೆಂಟಸ್ತಿಕೆಯೇ ಇಲ್ಲದ ಒಂದು ಕೊಳವೆ ಹಾಕಿಸುತ್ತಾನೆ. ಪೊಲೀಸರು ಆಗಾಗ ಈ ಕೊಳವೆಗಳನ್ನು ವಶಪಡಿಸಿಕೊಂಡು, ರಸ್ತೆಯ ಮೇಲೆ ಸಾಲಾಗಿ ಮಲಗಿಸಿ, ಪತ್ರಕರ್ತರ ಸಮ್ಮುಖದಲ್ಲಿ ರೋಡ್ ರೋಲರ್ ಹತ್ತಿಸುತ್ತಾರೆ. ಶಬ್ದಾಲಂಕಾರಕ್ಕೆ ಶಿಕ್ಷೆ ಇರುವುದು ಜಗತ್ತಿನಲ್ಲಿ ಇದೊಂದೇ ಕಾವ್ಯಮೀಮಾಂಸೆಯಲ್ಲಿ.

ಇನ್ನು ಆಹಾರ್ಯ, ಅಂದರೆ ವೇಷ. ಇದರ ಆದಿಮೂಲ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರು. 1947ರಲ್ಲಿ ಅಲ್ಲಿ ಬೈಕ್ ಜಾತ್ರೆ ಸೇರಿದ್ದಾಗ ಗಲಾಟೆ ನಡೆಯಿತು. ಲೈಫ್ ಪತ್ರಿಕೆಯಲ್ಲಿ ಒಂದು ಫೋಟೊ ಬಂತು: ನೆಲದ ತುಂಬ ಖಾಲಿ ಬಿಯರ್ ಬಾಟಲಿ, ಮಧ್ಯೆ ಹಾರ್ಲೆಯ ಮೇಲೆ ತೂರಾಡುವ ಭಂಗಿಯಲ್ಲಿ ಒಬ್ಬ ದಾಂಡಿಗ. ಆ ಬಾಟಲಿಗಳನ್ನು ಫೋಟೊಗೆಂದೇ ಗುಡ್ಡೆ ಹಾಕಿ ಜೋಡಿಸಿದ್ದರು ಎಂದು ಅಲ್ಲೇ ನಿಂತು ನೋಡಿದವರೊಬ್ಬರು ಆಮೇಲೆ ಹೇಳಿದರು. ಆ ಗಲಾಟೆಯ ನೆರಳಿನಲ್ಲೇ 1953ರಲ್ಲಿ 'ದಿ ವೈಲ್ಡ್ ಒನ್' ಸಿನಿಮಾ ಬಂತು. ಕರಿ ಚರ್ಮದ ಜಾಕೆಟ್ ತೊಟ್ಟ ಮಾರ್ಲನ್ ಬ್ರಾಂಡೊ ಟ್ರಯಂಫ್ ಬೈಕಿಗೆ ಒರಗಿ ನಿಂತ. ಆ ಒರಗು ಇನ್ನೂ ಚಾಲ್ತಿಯಲ್ಲಿದೆ. ಸಂಪ್ರದಾಯದ ಮೂಲವಿಗ್ರಹವೇ ಪೋಸು ಕೊಟ್ಟದ್ದಾದ ಮೇಲೆ ಉತ್ಸವಮೂರ್ತಿಗಳನ್ನು ಬೈಯುವುದು ನ್ಯಾಯವಲ್ಲ.

ವೇಷವೆಲ್ಲ ವ್ಯರ್ಥ ಎಂದು ಮಾತ್ರ ಯಾರೂ ತಿಳಿಯಬಾರದು. ಲಾರೆನ್ಸ್ ಆಫ್ ಅರೇಬಿಯ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ತನ್ನ ಬ್ರಫ್ ಸುಪೀರಿಯರ್ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ. ಚಿಕಿತ್ಸೆ ನೀಡಲು ಬಂದವರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರಿದ್ದರು. ಅವರು ಆ ಸಾವನ್ನು ಮರೆಯಲಿಲ್ಲ. 1941ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಫಲವಾಗಿ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಇಷ್ಟು ಇತಿಹಾಸವುಳ್ಳ ಆ ವಸ್ತು ನಮ್ಮಲ್ಲಿ ಅನೇಕ ಸಲ ಕನ್ನಡಿಗೆ ನೇತುಬಿದ್ದು ಪೆಟ್ರೋಲ್ ಟ್ಯಾಂಕಿನ ತಲೆ ಕಾಯುತ್ತಿರುತ್ತದೆ.

ಆಹಾರ್ಯದ ಒಳಗೇ ಶಾಸನ ಸಾಹಿತ್ಯವೂ ಬರುತ್ತದೆ. ನಮ್ಮ ನಾಡಿನಲ್ಲಿ ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಸತ್ತ ಮೇಲೆ, ಉಳಿದವರು ನಿಲ್ಲಿಸುತ್ತಿದ್ದರು. ಬೈಕಿನ ಹಿಂಬದಿಯ ಡಬ್ಬಿಗೆ ಅಂಟಿಸುವ 'ಲೇಹ್-ಲಡಾಖ್' ಸ್ಟಿಕ್ಕರನ್ನು ಬದುಕಿರುವಾಗಲೇ, ಸ್ವಂತ ಖರ್ಚಿನಲ್ಲಿ ಹಾಕಿಸಿಕೊಳ್ಳುವ ಸೌಲಭ್ಯವಿದೆ. ಚಂಡೀಗಢದ ತನಕ ಬೈಕು ರೈಲಿನಲ್ಲಿ ಹೋಗಿದ್ದರೂ ಸ್ಟಿಕ್ಕರಿನ ಅಳತೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಇವುಗಳಲ್ಲೆಲ್ಲ ಕಳಶಪ್ರಾಯವಾದದ್ದು ಲಡಾಖಿನ ಖರ್ದುಂಗ್ ಲಾ ಕಣಿವೆಯದು. ಅಲ್ಲಿನ ಬೋರ್ಡು ಬಹುಕಾಲ 18,380 ಅಡಿ ಎಂದು ಸಾರಿತು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ಉಪಗ್ರಹದ ನೆರವಿನಿಂದ ಅಳೆದಾಗ ಸಿಕ್ಕದ್ದು ಸುಮಾರು 17,582 ಅಡಿ. ಕಣಿವೆಯೇ ತನ್ನ ಬಗ್ಗೆ 800 ಅಡಿ ಹೆಚ್ಚು ಹೇಳಿಕೊಂಡಿರುವಾಗ ಹತ್ತಿ ಬಂದವನು ಒಂದಿಷ್ಟು ಸೇರಿಸಿ ಹೇಳಿದರೆ ದೋಷವೇನು?

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಿರುವಿದವರಿಗೆ ಗೊತ್ತು, ಶಾಸನದ ಪ್ರಶಸ್ತಿ ಭಾಗವನ್ನು ಪೂರ್ತಿ ನಂಬಬಾರದು. ಚಪ್ಪಾಳೆಗೆಂದು ಬರೆಸಿದ್ದು ಬೇರೆ, ದಾನ ಕೊಟ್ಟ ಗದ್ದೆಯ ಎಲ್ಲೆ ಬೇರೆ. ಬೈಕಿನಲ್ಲಿ ಸ್ಟಿಕ್ಕರ್ ಪ್ರಶಸ್ತಿ, ಟೈರು ಎಲ್ಲೆಕಲ್ಲು. ನಡುಪಟ್ಟಿ ಬೋಳಾಗಿ ಸವೆದು, ಎರಡೂ ಅಂಚಿನಲ್ಲಿ ಕಾರ್ಖಾನೆಯ ರಬ್ಬರ್ ಕೂದಲು ಹಾಗೇ ನಿಮಿರಿದ್ದರೆ, ಆ ಗಾಡಿ ನೆಟ್ಟಗಿನ ರಸ್ತೆಯನ್ನು ಬಿಟ್ಟು ವಾಲಿದ್ದೇ ಇಲ್ಲ ಎಂದು ಓದಿಕೊಳ್ಳಬೇಕು. ಅಂಚನ್ನು ಮರಳುಕಾಗದದಿಂದ ಉಜ್ಜಿ ಸವೆಸಿಕೊಳ್ಳುವವರೂ ಇದ್ದಾರಂತೆ. ಶಾಸನತಜ್ಞರು ಅದನ್ನು ಕೂಟಶಾಸನ ಎನ್ನುತ್ತಾರೆ. ಊರ ರಸ್ತೆಯಲ್ಲಿ ಅಂಚಿನ ತನಕ ಟೈರು ಸವೆಸುವುದು ಜಾಣತನವೂ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎದುರಿನ ತಿರುವಿನಿಂದ ಕೆಂಪು ಬಸ್ಸು ಬರುತ್ತಿರುತ್ತದೆ.

ಆಂಗಿಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿನ ರೈಡರನಿಗೆ ಎರಡು ಬೆರಳು ಇಳಿಬಿಟ್ಟು ತೋರಿಸುವ ಮುದ್ರೆ ಒಂದು. ಸಿಗ್ನಲ್ ಇನ್ನೂ ನೂರು ಗಜ ದೂರವಿರುವಾಗಲೇ ಎರಡೂ ಕಾಲನ್ನು ದೋಣಿಯ ಹುಟ್ಟಿನಂತೆ ಚಾಚಿ ನೆಲ ಉಜ್ಜುತ್ತಾ ಬರುವ ಗತಿ ಇನ್ನೊಂದು. ಈ ಎರಡನೆಯದು ಅಭಿನಯವೂ ಅಲ್ಲ, ಭಯ. ಆರ್‌ಟಿಓ ಮೈದಾನದಲ್ಲಿ ಕಾಲೂರದೆ 'ಎಂಟು' ಹಾಕಿ ಲೈಸೆನ್ಸ್ ಪಡೆದ ದಿನ ಅವನು ಕೂತಿದ್ದು ಪಕ್ಕದ ಮನೆಯವರ ಹಗುರ ಗಾಡಿಯ ಮೇಲೆ. ಈಗ ತೊಡೆಯ ನಡುವೆ ಇರುವುದು ಸುಮಾರು 190 ಕಿಲೋ.

ಸಾತ್ತ್ವಿಕವೆಂದರೆ ಬೆವರು, ರೋಮಾಂಚ, ಕಂಪ: ನಟಿಸಿ ತಂದುಕೊಳ್ಳಲಾಗದ ಭಾವಗಳು. ಆಗುಂಬೆ ಘಾಟಿಯ ತಿರುವಿನಲ್ಲಿ ರಸ್ತೆಯ ಮೇಲೆ ಪಾಚಿ, ಎದುರಿಗೆ ಲಾರಿ, ಆಗ ಬರುತ್ತವಲ್ಲ, ಅವು. ಈ ಪ್ರಕರಣದ ಪ್ರಮಾಣಗ್ರಂಥ 1981ರಲ್ಲಿ ಪ್ರಕಟವಾದ ಹರ್ಟ್ ವರದಿ. ಹೆಸರು ಕಾಕತಾಳೀಯ, ಬರೆದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್. ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900ರಷ್ಟು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತು, ಜೊತೆಗೆ 3,600 ಪೊಲೀಸ್ ವರದಿ ಓದಿತು. ಅಪಘಾತಕ್ಕೆ ಸಿಕ್ಕವರಲ್ಲಿ ಶೇ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಹೆಚ್ಚಿನವರು ಗಾಬರಿಯಾದಾಗ ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಜಾರಿದ್ದರು. ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿದೇ ಇರಲಿಲ್ಲ.

ಇದನ್ನು ಓದುವಾಗ ಪ್ರತಿಯೊಬ್ಬ ಕನ್ನಡಿಗನಿಗೂ ಸೋದರಮಾವನ ನೆನಪಾಗಬೇಕು. "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ" ಎಂಬುದು ನಮ್ಮ ಬೈಕ್ ವಿದ್ಯೆಯ ಮಹಾವಾಕ್ಯ. ಮಾವನದ್ದು ಅರ್ಧ ಸತ್ಯ. ತಿರುವಿನಲ್ಲಿ, ಮರಳಿನ ಮೇಲೆ, ಗಬಕ್ಕನೆ ಹಿಡಿದರೆ ಬೀಳುವುದು ನಿಜ. ಆದರೆ ಬ್ರೇಕ್ ಹಾಕಿದೊಡನೆ ಗಾಡಿಯ ಭಾರದ ಬಹುಪಾಲು ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಿಲ್ಲಿಸುವ ಶಕ್ತಿ ಮುಂದೆಯೇ ಇದೆ, ಹದವಾಗಿ ಹಿಂಡಬೇಕು. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ, ಯಾವ ಜಾಕೆಟ್ ತೊಟ್ಟರೂ. ಮಾವಂದಿರನ್ನು ತಿದ್ದಲಾಗದೆಂದು ಮನಗಂಡೋ ಏನೋ, ಸರ್ಕಾರ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿತು.

ಹರ್ಟ್ ವರದಿಯ ಇನ್ನೊಂದು ಮಾತು ಇನ್ನೂ ಸೊಗಸು. ಓಡುವ ಬೈಕು ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ತಳ್ಳಬೇಕು. ಚಕ್ರ ಒಂದು ಗಳಿಗೆ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಎಡಕ್ಕೇ ಹೋಗುತ್ತದೆ. ಅಪಾಯ ಎದುರಾದಾಗ ಇದನ್ನು ಬಳಸಿ ತಪ್ಪಿಸಿಕೊಂಡವರು ಆ ಅಪಘಾತಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಿಮಾನ ಕಟ್ಟುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸೋದರರಲ್ಲಿ ವಿಲ್ಬರ್, ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸೈಕಲ್ ಸವಾರರನ್ನು ಕೇಳಿದ್ದ. ಒಬ್ಬನೂ ಸರಿಯಾಗಿ ಹೇಳಲಿಲ್ಲ. ಎಲ್ಲರೂ ಮಾಡುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ. ರೈಡರನದು ಇದರ ತಿರುವುಮುರುವು.

ನಗುವಿಗೆ ಒಂದು ವಾಕ್ಯದ ಬಿಡುವು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಅವರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ಹಳೆಯ ಗಾಡಿಗಳವರಿಗೆ ಕೌಶಲ್ಯ ಇರಲಿಲ್ಲವೇ? ಇತ್ತು. ಹಳೆಯ ಬುಲೆಟ್ಟನ್ನು ಒದ್ದು ಎಬ್ಬಿಸುವ ಮೊದಲು ಆಮ್‌ಮೀಟರಿನ ಮುಳ್ಳು ನಡುವೆ ಬರುವ ತನಕ ಕಿಕ್ಕರನ್ನು ಮೆಲ್ಲಗೆ ಒತ್ತಿ, ಡಿಕಂಪ್ರೆಸರ್ ಹಿಡಿದು, ಒಂದಿಷ್ಟು ದಾಟಿಸಿ, ಆಮೇಲೆ ಒದೆಯಬೇಕಿತ್ತು. ಕ್ರಮ ತಪ್ಪಿದರೆ ಕಿಕ್ಕರ್ ತಿರುಗಿ ಒದೆಯುತ್ತಿತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರ ತನಕ ಮಾಡಿದ ಜಾವಾ, ಯೆಜ್ಡಿಗಳಲ್ಲಂತೂ ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಗೇರು. ಆ ಯಂತ್ರಗಳು ಗುರುಕುಲದಂತಿದ್ದವು, ಒದೆ ತಿನ್ನದೆ ವಿದ್ಯೆ ಇಲ್ಲ. ಈಗ ಗುಂಡಿ ಒತ್ತಿದರೆ ಆಯಿತು, ಉಳಿದಿರುವುದು ಮೀಸೆ.

ವೇಷ ಮತ್ತು ವಿದ್ಯೆ ಎರಡೂ ಇದ್ದವರ ಉದಾಹರಣೆ ಕೊಡುವುದಾಗಿ ಮಾತು ಕೊಟ್ಟಾಗಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರ್ತಿಗೊಳಿಸಿ 36ನೆಯವರಾದರು, ಹಾಗೆ ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಉಡುಪಿಯ ಕೆ.ಪಿ. ಅರವಿಂದ್ ಡಕಾರಿನ ಮರಳಿನಲ್ಲಿ ಮೈಮೂಳೆ ಸವೆಸಿದಾಗ ನಾಡು ಹೆಚ್ಚೇನೂ ತಲೆ ಎತ್ತಿ ನೋಡಲಿಲ್ಲ. 2021ರಲ್ಲಿ ಬಿಗ್ ಬಾಸ್ ಮನೆಯೊಳಗೆ ಸುಮ್ಮನೆ ಕೂತಾಗ ಮನೆಮಾತಾದರು.

ಈಗ ಸಿದ್ಧಾಂತ. ಇಡ್ಲಿ ಹೋಟೆಲಿನ ಮುಂದೆ ಮೂವತ್ತು ಬೈಕುಗಳು ಅಡ್ಡಾದಿಡ್ಡಿ ನಿಂತಿವೆ. ಆಗ ಅಲ್ಲಿಗೆ ಒಂದು ಟಿವಿಎಸ್ ಎಕ್ಸ್‌ಎಲ್ ಬರುತ್ತದೆ. ಗೇರಿಲ್ಲ, ಕೈಗೆ ಕ್ಲಚ್ಚಿಲ್ಲ, ಗಾಡಿಯ ತೂಕ 90 ಕಿಲೋ ದಾಟದು. ಅದರ ಎರಡು ಬದಿಗೆ 40 ಲೀಟರಿನ ಎರಡು ಹಾಲಿನ ಕ್ಯಾನು, ಮುಂದೆ ಕಾಲಿಡುವ ಜಾಗದಲ್ಲಿ ಹಿಂಡಿಮೂಟೆ, ಇವುಗಳ ನಡುವೆ ಪಂಚೆ ಮೇಲೆತ್ತಿ ಕಟ್ಟಿದ ಒಬ್ಬರು ಹಿರಿಯರು. ಅರ್ಧ ತುಂಬಿದ ಕ್ಯಾನಿನೊಳಗೆ ಹಾಲು ತುಳುಕಿದಾಗಲೆಲ್ಲ ಗಾಡಿಯ ತೂಕ ಒಂದು ಮಗ್ಗುಲಿಗೆ ಸರಿಯುತ್ತದೆ, ಅವರು ಸೊಂಟದಿಂದ ಅದನ್ನು ಸರಿದೂಗಿಸುತ್ತಾರೆ. ವೇಗ ನಡಿಗೆಗಿಂತ ಕಡಿಮೆ. ಬೈಕು ತಾನಾಗಿ ನೆಟ್ಟಗಿರುವುದು ಓಟದಲ್ಲಿ. ಈ ವೇಗದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸುವುದು ಮನುಷ್ಯನ ಕೆಲಸ. ಆ್ಯಕ್ಸಿಲರೇಟರನ್ನು ತುಸುವೇ ತೆರೆದು, ಹಿಂದಿನ ಬ್ರೇಕನ್ನು ಸವರಿದಂತೆ ಹಿಡಿದು, ಕಣ್ಣನ್ನು ಸಂದಿಯ ಆಚೆ ನೆಟ್ಟು, ಮೂವತ್ತು ಬೈಕುಗಳ ನಡುವಿನಿಂದ ನುಸುಳಿ ಡೈರಿಯ ಕಡೆ ಹೋಗುತ್ತಾರೆ. ಕಾಲು ನೆಲಕ್ಕೆ ತಾಗಲಿಲ್ಲ. ಹಾಲು ಚೆಲ್ಲಲಿಲ್ಲ. ನೆತ್ತಿಯ ಕ್ಯಾಮೆರಾಗಳೆಲ್ಲ ಆಗ ಸಾಂಬಾರಿನ ಕಡೆ ತಿರುಗಿದ್ದವು. (ಹಿರಿಯರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ, ಆ ಅಂಕ ಅವರಿಗೂ ಕಡಿತ.)

ಈ ಸಿದ್ಧಾಂತಕ್ಕೆ ಆಕ್ಷೇಪವಿರುವವರು ಒಂದು ಖಾಲಿ ಮೈದಾನ ಹುಡುಕಬೇಕು. ಹತ್ತು ಮೀಟರ್ ಅಂತರಕ್ಕೆ ಸುಣ್ಣದಲ್ಲಿ ಎರಡು ಗೆರೆ ಎಳೆದು, ತಮ್ಮ ಬೈಕನ್ನು ಕಾಲೂರದೆ ಆದಷ್ಟು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಓಡಿಸಬೇಕು. ತಗುಲಿದ ಸಮಯವನ್ನು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕಾಗಿ ವಿನಂತಿ. ಸ್ಟಿಕ್ಕರ್ ಲಗತ್ತಿಸಬೇಕಾಗಿಲ್ಲ.