ಕೀಳಲು ಕ್ಷಣ, ಕೊಡಲು ಆದೇಶ

ಟೆಲಿಕಾಂ ಎಂಜಿನಿಯರುಗಳ ಮೇಲೆ ನಾವು ಸುಮ್ಮನೆ ರೇಗುತ್ತೇವೆ. ಕೇಳದೆಯೇ ಕಾಲರ್ ಟ್ಯೂನ್ ಅಂಟಿಕೊಂಡಿತು, ಬೇಡದ ರಾಶಿಫಲ ಬಂದು ಬಿತ್ತು, ಬ್ಯಾಲೆನ್ಸಿನಲ್ಲಿ 30 ರೂಪಾಯಿ ಮಾಯ ಎಂದು ಗೊಣಗುವವರೇ ಎಲ್ಲ. ಆ 30 ರೂಪಾಯಿ ಅಷ್ಟು ಸಲೀಸಾಗಿ ಹೋಗಲು ಒಂದು ತಲೆಮಾರಿನ ಸಾಫ್ಟ್‌ವೇರ್ ಬುದ್ಧಿ ಖರ್ಚಾಗಿದೆ ಎಂಬ ಕೃತಜ್ಞತೆ ಯಾರಿಗಿದೆ?

ಮೊದಲು ಈ ಸೊಗಸು ಇರಲಿಲ್ಲ. ಎಸ್‌ಎಂಎಸ್‌ಗೆ ಒಂದು ವ್ಯವಸ್ಥೆ, ರಿಂಗ್‌ಟೋನಿಗೆ ಇನ್ನೊಂದು. ಪ್ರತಿಯೊಂದಕ್ಕೂ ತನ್ನದೇ ಗ್ರಾಹಕರ ಪಟ್ಟಿ, ತನ್ನದೇ ಬಿಲ್ಲಿಂಗ್. ಹೊಸದೇನಾದರೂ ತರಬೇಕೆಂದರೆ ತಿಂಗಳುಗಟ್ಟಲೆ ಹೆಣಗಾಟ. ಆಗ ಬಂತು ಎಸ್‌ಒಎ, ಅಂದರೆ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್. ದರ್ಶಿನಿಯಲ್ಲಿ ಒಂದೇ ಹಿಟ್ಟಿನಿಂದ ಸೆಟ್ ದೋಸೆ, ಮಸಾಲೆ ದೋಸೆ, ಉತ್ತಪ್ಪ ಎಲ್ಲವೂ ಏಳುತ್ತವಲ್ಲ, ಹಾಗೆ. ಗ್ರಾಹಕ ಯಾರು, ಎಲ್ಲಿದ್ದಾನೆ, ಸಂದೇಶ ಕಳಿಸು, ಹಣ ಕಡಿ: ಒಂದೊಂದನ್ನೂ ಒಮ್ಮೆ ಬರೆದಿಟ್ಟರೆ ಸಾಕು, ಯಾವ ಹೊಸ ಯೋಜನೆ ಬೇಕಾದರೂ ಅದನ್ನು ಕರೆಯಬಹುದು. ಹೀಗೆ ಜೋಡಿಸಿದರೆ ಕ್ರಿಕೆಟ್ ಸ್ಕೋರು, ಹಾಗೆ ಜೋಡಿಸಿದರೆ ಭಕ್ತಿಗೀತೆ. ಹೇಗೆ ಜೋಡಿಸಿದರೂ ಕೊನೆಯ ತುಂಡು ಮಾತ್ರ ಬದಲಾಗದು: ಹಣ ಕಡಿ.

ಹೊರಗಿನ ಕಂಪನಿಗಳೂ ಈ ತುಂಡುಗಳನ್ನು ಬಳಸಲೆಂದು 2000ರ ದಶಕದಲ್ಲಿ ಪಾರ್ಲೇ ಎಕ್ಸ್ (ಬಿಸ್ಕತ್ತಲ್ಲ) ಎಂಬ ಮಾನದಂಡ ಬಂತು. ಅದರ ಪಾವತಿ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲೇ ಎರಡು ಆಜ್ಞೆಗಳು: ಚಾರ್ಜ್ ಅಮೌಂಟ್, ರಿಫಂಡ್ ಅಮೌಂಟ್. ಬರೆದವರು ಪಾಪ, ಸಜ್ಜನರು. ಕಿತ್ತುಕೊಂಡದ್ದನ್ನು ಕೆಲವೊಮ್ಮೆ ವಾಪಸ್ ಕೊಡಬೇಕಾಗುತ್ತದೆ ಎಂದು ನಂಬಿದ್ದರು. ಮೊದಲನೆಯದು ಹಗಲಿರುಳು ದುಡಿಯಿತು. ಎರಡನೆಯದನ್ನು ಎಬ್ಬಿಸಬೇಕೆಂದರೆ ಗ್ರಾಹಕ 'ಕನ್ನಡಕ್ಕಾಗಿ ಎರಡನ್ನು ಒತ್ತಿ' ಎಂಬಲ್ಲಿಂದ ಹೊರಟು, ಮೆನುವಿನೊಳಗಿನ ಮೆನು ದಾಟಿ, ಕಡೆಗೆ 'ಸಿಸ್ಟಂನಲ್ಲಿ ಆ ಆಪ್ಷನ್ ಇಲ್ಲ ಸರ್' ಎಂಬ ಜೇನುದನಿ ಕೇಳಿ ಪಾವನನಾಗಬೇಕು.

'ಬೇಡ' ಎನ್ನಲಿಕ್ಕೂ ಒಂದು ತುಂಡು ಬೇಕೆಂಬುದು ವೈಟ್‌ಬೋರ್ಡಿನ ಮುಂದೆ ನಿಂತವರಿಗಿಂತ ಮೊದಲು ಹೊಳೆದದ್ದು ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ. ಮೌಲ್ಯವರ್ಧಿತ ಸೇವೆ ಶುರುಮಾಡುವ ಮುನ್ನ ಗ್ರಾಹಕನ ಒಪ್ಪಿಗೆಯನ್ನು ಎರಡು ಬಾರಿ ಪಡೆಯಿರಿ ಎಂದು 2013ರಲ್ಲಿ ಅದು ಆದೇಶಿಸಿತು. ನಿಲ್ಲಿಸಲಿಕ್ಕೆ 155223 ಎಂಬ ಒಂದೇ ಸಂಖ್ಯೆಯೂ ಬಂತು. ಯಾರ ಮೌಲ್ಯ ವರ್ಧಿಸುತ್ತಿದೆ ಎಂದು ಆದೇಶ ಹೇಳಲಿಲ್ಲ. ಗ್ರಾಹಕನಿಗೆ ಮೊದಲೇ ಗೊತ್ತಿತ್ತು.

ಇನ್ನು 28 ದಿನದ ತಿಂಗಳು. ವರ್ಷಕ್ಕೆ 13 ರೀಚಾರ್ಜ್ ಮಾಡಿಸಿಯೂ 364 ದಿನಕ್ಕೇ ಮುಗಿಯುವ ಈ ಪಂಚಾಂಗ ಯಾವ ಮಠದ್ದೂ ಅಲ್ಲ. ಎಸ್‌ಒಎ ಎಂಬ ಈ ವಾಸ್ತುವಿನಲ್ಲಿ ಪ್ಯಾಕಿನ ಅವಧಿ ಎಂದರೆ ಕ್ಯಾಟಲಾಗಿನ ಒಂದು ಅಂಕಿ. 28 ಅಳಿಸಿ 30 ಬರೆದರಾಯಿತು. ಆ ಅಂಕಿ ಬರೆಸಲು ಟ್ರಾಯ್ 2022ರ ಜನವರಿಯಲ್ಲಿ ದರಪಟ್ಟಿಯ ಆದೇಶವನ್ನೇ ತಿದ್ದಿ, 30 ದಿನದ ಪ್ಯಾಕ್ ಒಂದಾದರೂ ಇರಲಿ ಎನ್ನಬೇಕಾಯಿತು.

'ಆಪ್ಷನ್ ಇಲ್ಲ ಸರ್' ಎನ್ನುವ ಆ ಹುಡುಗಿ ಸುಳ್ಳು ಹೇಳುತ್ತಿಲ್ಲ. ಅವಳ ಪರದೆಗೆ ಆ ಗುಂಡಿ ಜೋಡಿಸಿಲ್ಲ, ಅಷ್ಟೆ. ಏನನ್ನು ಬೇಕಾದರೂ ವಾರದೊಳಗೆ ಜೋಡಿಸಬಲ್ಲೆವು ಎಂದು ಎದೆ ತಟ್ಟಿಕೊಂಡವರನ್ನೇ ಕೇಳೋಣ: ಸ್ವಾಮಿ, ಇದೊಂದನ್ನು ಜೋಡಿಸಲು ಟ್ರಾಯ್‌ನ ಇನ್ನೆಷ್ಟು ಆದೇಶ ಬೇಕು?